ಬಿದ್ದದ್ದಲ್ಲ, ಇಳಿದದ್ದು

ಇಪ್ಪತ್ತಾರು ವರ್ಷದಿಂದ ನಾನು ಜನರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದೇನೆ. ನನ್ನ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಯುವವರ ಕಾಲ ಬಳಿ ಒಂದು ಬ್ರೇಕ್ ಇದ್ದರೆ, ಪಕ್ಕದಲ್ಲಿ ಕೂತ ನನ್ನ ಕಾಲ ಬಳಿ ಇನ್ನೊಂದಿದೆ. ಅದನ್ನು ತುಳಿದೂ ತುಳಿದೂ ನನ್ನ ಬಲಗಾಲು ಎಡಗಾಲಿಗಿಂತ ಒಂದು ಸುತ್ತು ದಪ್ಪವಾಗಿದೆ. ಶಿಷ್ಯರು ಬೆನ್ನ ಹಿಂದೆ ನನ್ನನ್ನು ಬ್ರೇಕ್ ಮೇಷ್ಟ್ರು ಎನ್ನುತ್ತಾರೆ. ಹೆಂಡತಿಗೆ ಬೆನ್ನ ಹಿಂದೆ ಮಾತಾಡುವ ಅಭ್ಯಾಸವಿಲ್ಲ, ಎದುರಿಗೇ ಹೇಳುತ್ತಾಳೆ.

ಕೂತು ಕೂತು ಕಳೆದ ಚಳಿಗಾಲದಲ್ಲಿ ಸೊಂಟ ಹಿಡಿದುಕೊಂಡಿತು. ಡಾಕ್ಟರು ಫೋಟೋ ತೆಗೆಸಿ, ಬೆಳಕಿಗೆ ಹಿಡಿದು ನೋಡಿ, ಔಷಧಿಯೇನೂ ಬೇಡ, ದಿನಾ ನಲವತ್ತು ನಿಮಿಷ ನಡೆಯಿರಿ ಎಂದರು. ಹಾಗಾಗಿ ಮನೆಯಿಂದ ಕಾಲು ಗಂಟೆ ದೂರದ ಉದ್ಯಾನಕ್ಕೆ ಹೋಗತೊಡಗಿದೆ. ಮೂರು ತಿಂಗಳು ಅಲ್ಲಿ ನಾನು ನೋಡಿದ್ದೆಲ್ಲ ಸಂಚಾರ ನಿಯಮದ ಉಲ್ಲಂಘನೆಯನ್ನೇ. ನಡೆಯುವವರು ತಪ್ಪು ಬದಿಯಲ್ಲಿ ಬರುತ್ತಿದ್ದರು. ಓಡುವವರು ಕೈ ತೋರಿಸದೆ ತಿರುಗುತ್ತಿದ್ದರು. ಮಗುವಿನ ಗಾಡಿ ತಳ್ಳುವ ತಾಯಂದಿರು ತಿರುವಿನಲ್ಲೇ ನಿಂತು ಮಾತಿಗಿಳಿಯುತ್ತಿದ್ದರು. ಮನೆಗೆ ಬಂದು ಇದನ್ನೇ ವರದಿ ಒಪ್ಪಿಸುತ್ತಿದ್ದೆ.

ಒಂದು ಬೆಳಿಗ್ಗೆ ಹೆಂಡತಿ, ಆ ದೊಡ್ಡ ಹಾದಿಯ ಎರಡೂ ಕಡೆ ಮರಗಳು ಹೂ ಬಿಟ್ಟಿವೆಯಂತೆ, ಅಂಚೆ ಕಚೇರಿಯಲ್ಲಿ ಎಲ್ಲರ ಬಾಯಲ್ಲೂ ಅದೇ ಮಾತು, ಯಾವ ಬಣ್ಣ ಎಂದು ಕೇಳಿದಳು. ಅವಳು ಅಂಚೆ ಕಚೇರಿಯ ಕೌಂಟರಿನಲ್ಲಿ ಕೂರುವವಳು, ಊರಿನ ಸುದ್ದಿಗೆಲ್ಲ ಅಲ್ಲೇ ಮುದ್ರೆ ಬೀಳುವುದು. ನಾನು ಹಿಂದೆಮುಂದೆ ನೋಡದೆ ಬಿಳಿ ಎಂದೆ. ಮಗಳು ತನ್ನ ಮೊಬೈಲಿಗೆ ಯಾರೋ ಕಳಿಸಿದ್ದ ಚಿತ್ರವನ್ನು ನನ್ನ ಮುಂದೆ ಹಿಡಿದಳು. ಮರಗಳಲ್ಲಿ ಎಲೆಯೇ ಕಾಣದಷ್ಟು ಗುಲಾಬಿ ಹೂ. ಆ ಮರಗಳ ಕೆಳಗೆ ನಾನು ಆ ವಾರವೆಲ್ಲ ದಿನಕ್ಕೆ ನಾಲ್ಕು ಸಲ ಹಾದುಹೋಗಿದ್ದೆ. ಚಿತ್ರದ ಮೂಲೆಯಲ್ಲಿ ನಾನೇ ಇದ್ದೆ, ತಲೆ ತಗ್ಗಿಸಿಕೊಂಡು ಗಡಿಯಾರ ನೋಡುತ್ತ.

ಅವಮಾನವಾಯಿತು. ಅವಮಾನವಾದ ಗಂಡಸು ಸುಮ್ಮನಿದ್ದರೆ ಅರ್ಧ ಲೋಕ ನೆಮ್ಮದಿಯಾಗಿರುತ್ತಿತ್ತು. ನಾನು ಹಳೆ ಪುಸ್ತಕದ ಅಂಗಡಿಗೆ ಹೋಗಿ ಹಕ್ಕಿಗಳ ಬಗ್ಗೆ ಒಂದು ಚಿತ್ರಪುಸ್ತಕ ತಂದೆ. ಅದರಲ್ಲಿ ಕೊನೆಯ ನಲವತ್ತು ಪುಟ ಇರಲಿಲ್ಲ. ದುರ್ಬೀನೂ ಬಂತು. ಎರಡೇ ವಾರದಲ್ಲಿ ನಾನು ಆ ಉದ್ಯಾನದ ಪಕ್ಷಿಪಂಡಿತನಾದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿಯುತ್ತಾನಂತೆ, ನಾನು ಹಗಲು ಹೊತ್ತಿನಲ್ಲೇ ಹಿಡಿದೆ. ಬೆಂಚಿನ ಮೇಲೆ ಸುಮ್ಮನೆ ಕೂತವರಿಗೆ ಕರೆದು ಹಕ್ಕಿ ತೋರಿಸುತ್ತಿದ್ದೆ. ಒಮ್ಮೆ ಒಂದು ಗೊರವಂಕವನ್ನು ಅಪರೂಪದ ವಲಸೆ ಹಕ್ಕಿ ಎಂದು ಹತ್ತು ನಿಮಿಷ ವಿವರಿಸಿದ್ದೆ. ಕೇಳುತ್ತಿದ್ದ ಮುದುಕರು ಪಾಪ, ಕೊನೆಯವರೆಗೂ ತಲೆಯಾಡಿಸಿ, ತಮ್ಮ ಮನೆಯ ಸಜ್ಜದ ಮೇಲೂ ಅಂಥ ಆರು ವಲಸೆ ಹಕ್ಕಿಗಳು ವರ್ಷಪೂರ್ತಿ ಇರುತ್ತವೆ ಎಂದು ಎದ್ದುಹೋದರು.

ಇಲ್ಲಿ ನನ್ನ ಮಗಳ ವಿಷಯ ಹೇಳಬೇಕು. ಅವಳಿಗೆ ಇಪ್ಪತ್ನಾಲ್ಕು. ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ. ಕಾರು ಓಡಿಸಲು ನಾನೇ ಕಲಿಸಿದ್ದೆ, ಮೊದಲ ಪರೀಕ್ಷೆಯಲ್ಲೇ ಲೈಸೆನ್ಸ್ ಬಂದು ಎರಡು ವರ್ಷವಾಗಿತ್ತು. ಈ ಎರಡು ವರ್ಷದಲ್ಲಿ ಅವಳು ಒಂದು ಸಲವೂ ಒಬ್ಬಳೇ ಕಾರು ತೆಗೆದಿರಲಿಲ್ಲ. ಮುಖ ಪರಿಚಯವಿಲ್ಲದವರನ್ನೆಲ್ಲ ಇಪ್ಪತ್ತು ಪಾಠಕ್ಕೆ ಊರಿನ ಬೀದಿಗೆ ಬಿಟ್ಟುಕೊಟ್ಟ ನಾನು, ಮಗಳಿಗೆ ಮಾತ್ರ ಇನ್ನೊಂದು ತಿಂಗಳು ನೋಡೋಣ ಎನ್ನುತ್ತ ಬಂದಿದ್ದೆ. ಮನೆಯ ಕಾರಿನಲ್ಲಿ ಎರಡನೇ ಬ್ರೇಕ್ ಇಲ್ಲ. ಅದಕ್ಕೇ ಅವಳು ಓಡಿಸುವಾಗ ನನ್ನ ಒಂದು ಕೈ ಹ್ಯಾಂಡ್‌ಬ್ರೇಕಿನ ಮೇಲೆ, ಬಾಯಿ ಅವಳ ಕಿವಿಯ ಮೇಲೆ. ಕೊನೆಗೆ ಅವಳು ಬಸ್ ಪಾಸ್ ಮಾಡಿಸಿಕೊಂಡಳು.

ಆವತ್ತು ಬೆಳಿಗ್ಗೆ ಉದ್ಯಾನದಲ್ಲಿ ಜನ ಕಡಿಮೆ ಇದ್ದರು. ಹೂ ಉದುರುವ ಕಾಲ ಶುರುವಾಗಿ, ಹಾದಿಯ ತುಂಬ ಗುಲಾಬಿ ಎಸಳು ಹಾಸಿತ್ತು. ಮೂರನೇ ಬೆಂಚಿನ ಹತ್ತಿರ ಎಸಳುಗಳ ನಡುವೆ ಏನೋ ಅಲುಗಿತು. ಬಗ್ಗಿ ನೋಡಿದೆ. ಹಕ್ಕಿಮರಿ. ಮೈತುಂಬ ಪುಕ್ಕ ಬಂದಿತ್ತು, ಬಾಲ ಮಾತ್ರ ಹೆಬ್ಬೆರಳಿನ ಉಗುರಿನಷ್ಟು. ಕೊಕ್ಕಿನ ಅಂಚಿನಲ್ಲಿ ಹಳದಿ. ತಲೆಯ ಮೇಲೆ ಜುಟ್ಟು ಏಳಬೇಕಾದ ಜಾಗದಲ್ಲಿ ಎರಡು ಕೂದಲು ನಿಂತಿದ್ದವು, ನಿದ್ದೆಯಿಂದೆದ್ದ ಮಗುವಿನ ಹಾಗೆ. ಪಿಕಳಾರದ ಮರಿ ಎಂದು ಗೊತ್ತಾಯಿತು, ಆ ಪುಟ ನನ್ನ ಪುಸ್ತಕದಲ್ಲಿ ಉಳಿದಿತ್ತು. ಗೂಡಿನಿಂದ ಬಿದ್ದಿದೆ, ಪಾಪ, ಅಂದುಕೊಂಡೆ. ಎದುರು ಮರದಲ್ಲಿ ಒಂದು ಕಾಗೆಯೂ ಇತ್ತು.

ತಲೆಯ ಮೇಲಿನ ಕೊಂಬೆಯಲ್ಲಿ ಎರಡು ದೊಡ್ಡ ಪಿಕಳಾರಗಳು ಗಂಟಲು ಹರಿಯುವಂತೆ ಕಿರುಚುತ್ತಿದ್ದವು. ಪಂಡಿತನಾದ ನನಗೆ ಅವುಗಳ ಭಾಷೆ ತಕ್ಷಣ ಅರ್ಥವಾಯಿತು. ಕಾಪಾಡಿ, ನಮ್ಮ ಕೂಸನ್ನು ಕಾಪಾಡಿ ಎನ್ನುತ್ತಿವೆ. ಹೆದರಬೇಡಿ, ನಾನಿದ್ದೇನೆ ಎಂದು ಅವುಗಳಿಗೆ ಹೇಳಿದೆ. ಬಾಯಿಬಿಟ್ಟೇ ಹೇಳಿದೆ. ಕರವಸ್ತ್ರದಲ್ಲಿ ಮರಿಯನ್ನು ಎತ್ತಿ ಟೋಪಿಯೊಳಗೆ ಇಟ್ಟುಕೊಂಡೆ. ನಡೆಯಲು ಬಂದಿದ್ದ ಒಬ್ಬಾಕೆ ಎಂಥ ಒಳ್ಳೆಯ ಮನಸ್ಸು ನಿಮ್ಮದು ಎಂದು ಫೋಟೋ ತೆಗೆದಾಗ, ಟೋಪಿಯನ್ನು ಸ್ವಲ್ಪ ಓರೆಮಾಡಿ, ಬೆಳಕು ಮುಖಕ್ಕೆ ಬೀಳುವ ಹಾಗೆ ನಿಂತೆ. ನಾನು ಹೊರಟಾಗ ಆ ಎರಡೂ ಹಕ್ಕಿಗಳು ಮರದಿಂದ ಮರಕ್ಕೆ ಹಾರುತ್ತ ಗೇಟಿನವರೆಗೂ ನನ್ನ ಹಿಂದೆಯೇ ಬಂದವು. ಕೃತಜ್ಞತೆ ಎಂದುಕೊಂಡೆ. ಮನುಷ್ಯರಲ್ಲಿ ಈ ಗುಣ ಎಲ್ಲಿದೆ ಎಂದೂ ಅಂದುಕೊಂಡೆ.

ಮನೆಯಲ್ಲಿ ಹೆಂಡತಿ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. ಟೋಪಿಯೊಳಗೆ ಇಣುಕಿದಳು.

"ಅದು ನಿಮ್ಮನ್ನ ಕರೀತೇನ್ರೀ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಹೋದಳು.

ಬೂಟಿನ ಡಬ್ಬಿಗೆ ತೂತು ಮಾಡಿ, ನನ್ನ ಹಳೆ ಬನಿಯನ್ನು ಹಾಸಿ, ಮರಿಯನ್ನು ಕೂರಿಸಿದೆ. ಆವತ್ತಿನ ಮೂರು ಪಾಠಗಳನ್ನೂ ಮುಂದೂಡಿದೆ. ಕಲಿಯುವವರಲ್ಲಿ ಒಬ್ಬರು ವಕೀಲೆ, ಮರುದಿನವೇ ಅವರ ಲೈಸೆನ್ಸ್ ಪರೀಕ್ಷೆ. ಮನೆಯಲ್ಲಿ ಒಂದು ಜೀವದ ಪ್ರಶ್ನೆ ಇದೆ ಎಂದು ಫೋನಿನಲ್ಲಿ ಹೇಳಿದೆ. ಅವರು ಗಾಬರಿಯಿಂದ, ಯಾರಿಗೇನಾಯಿತು, ಏನಾದರೂ ಬೇಕಾದರೆ ಹೇಳಿ ಎಂದರು. ಊರಿಗೆ ಉಪಕಾರಿ ಎನ್ನಿಸಿಕೊಂಡ ಉತ್ಸಾಹದಲ್ಲಿ ನಾನು ಅವರನ್ನು ತಿದ್ದಲಿಲ್ಲ.

ಹಾಲಿನಲ್ಲಿ ನೆನೆಸಿದ ಬ್ರೆಡ್ಡನ್ನು ಕೊಟ್ಟರೆ ಮರಿ ಕೊಕ್ಕು ಬಿಗಿದುಕೊಂಡಿತು. ಬೇಯಿಸಿದ ಮೊಟ್ಟೆಯನ್ನು ಮೂಸಲೂ ಇಲ್ಲ. ಬಾಯಿ ತೆರೆಯುತ್ತಿದ್ದುದು ಕಿರುಚಲು ಮಾತ್ರ, ಅದೂ ನನ್ನ ಮುಖ ಕಂಡಾಗ. ಒಂಬತ್ತೂವರೆಗೆ ಮಗಳು ಎದ್ದು ಬಂದಳು. ಆವತ್ತು ಅವಳದು ಮಧ್ಯಾಹ್ನದ ಪಾಳಿ. ಅವಳಿಗೆ ತೋರಿಸಲೆಂದು ಮುಚ್ಚಳ ತೆಗೆದದ್ದೇ ತಡ, ಮರಿ ಡಬ್ಬಿಯಿಂದ ಹಾರಿ, ಅಡುಗೆಮನೆಯ ನೆಲದ ಮೇಲೆ ಕುಪ್ಪಳಿಸಿ, ಫ್ರಿಜ್ಜಿನ ಹಿಂದೆ ಸೇರಿಕೊಂಡಿತು. ಅದನ್ನು ಕಾಪಾಡಲು ನಾನು ಮಂಡಿಯೂರಿ ಕೈ ತೂರಿಸಿದೆ. ಕೈ ಹೋಯಿತು, ಹೆಗಲು ಹೋಯಿತು, ಆಮೇಲೆ ಸೊಂಟ ಹಿಡಿಯಿತು. ಹಿಂದಕ್ಕೂ ಬರಲಾರೆ, ಮುಂದಕ್ಕೂ ಹೋಗಲಾರೆ. ಮಗಳು ಮೊದಲು ನನ್ನನ್ನು ಹೊರಗೆಳೆದಳು, ಆಮೇಲೆ ಟವೆಲ್ಲು ಹಾಕಿ ಒಂದೇ ಕ್ಷಣದಲ್ಲಿ ಮರಿಯನ್ನು ಹಿಡಿದಳು. ಯಾರನ್ನು ಎಲ್ಲಿಡಬೇಕು ಎಂಬ ವಿಷಯದಲ್ಲಿ ಅವಳಿಗೆ ಗೊಂದಲವಿರಲಿಲ್ಲ. ಮರಿಯನ್ನು ಡಬ್ಬಿಯಲ್ಲಿ, ನನ್ನನ್ನು ಕುರ್ಚಿಯಲ್ಲಿ.

ಇದು ಬ್ರೆಡ್ಡು ತಿನ್ನುವ ಪ್ರಾಣಿಯಲ್ಲ, ಹುಳ ಬೇಕು ಎಂದು ಅವಳು ಹೇಳಿದಳು. ಉದ್ಯಾನದ ಗೊಬ್ಬರದ ಗುಂಡಿ ನೆನಪಾಯಿತು. ಅಲ್ಲಿ ಗಿಡಮರ ನೋಡಿಕೊಳ್ಳುವ ತೋಟದಮ್ಮನ ಪರಿಚಯ ನನಗಿತ್ತು, ಅವರ ಅಳಿಯ ನನ್ನ ಹತ್ತಿರ ಕಾರು ಕಲಿತವನು. ಮರಿಯನ್ನು ಮನೆಯಲ್ಲಿ ಬಿಟ್ಟುಹೋಗಲು ಮನಸ್ಸಾಗಲಿಲ್ಲ. ಸೊಂಟದ ಗತಿ ನೋಡಿ ಮಗಳೇ ಕಾರಿನ ಕೀ ತೆಗೆದುಕೊಂಡಳು. ನಾನು ಡಬ್ಬಿ ಹಿಡಿದು ಪಕ್ಕದಲ್ಲಿ ಕೂತೆ.

ಎರಡೂ ಕೈ ಡಬ್ಬಿಯ ಮೇಲೆ. ಹ್ಯಾಂಡ್‌ಬ್ರೇಕ್ ಹಿಡಿಯಲು ಮೂರನೇ ಕೈ ಇರಲಿಲ್ಲ. ಹೊರಟ ಕೂಡಲೇ ಎಂದಿನಂತೆ ನಿಧಾನ, ನಿಧಾನ ಎಂದೆ. ಡಬ್ಬಿಯೊಳಗೆ ಮರಿ ಪಟಪಟನೆ ಬಡಿದುಕೊಂಡಿತು. ಅದಕ್ಕೆ ನನ್ನ ಸ್ವರ ಆಗುತ್ತಿರಲಿಲ್ಲ. ಹಾಗಾಗಿ ಬಾಯಿಯನ್ನೂ ಮುಚ್ಚಿಕೊಳ್ಳಬೇಕಾಯಿತು. ಎಡಗಡೆಯಿಂದ ಒಂದು ಬಸ್ಸು ನುಗ್ಗಿತು, ನನ್ನ ಕಾಲು ತನಗೆ ತಾನೇ ಕಾರಿನ ನೆಲ ಒತ್ತಿತು, ಮಗಳು ಸಾವಕಾಶವಾಗಿ ದಾರಿ ಬಿಟ್ಟುಕೊಟ್ಟಳು. ಗೇಟಿನ ಹತ್ತಿರ ಕಾರು ನಿಲ್ಲಿಸಿ, ಇವತ್ತು ದಾರಿ ಯಾಕೋ ಹತ್ತಿರ ಅನ್ನಿಸಿತು ಎಂದಳು. ನನ್ನ ಗಮನ ಡಬ್ಬಿಯ ತೂತಿನ ಮೇಲಿತ್ತು.

ತೋಟದಮ್ಮ ಉದುರಿದ ಎಸಳುಗಳನ್ನು ಗುಡಿಸಿ ಕೈಗಾಡಿಗೆ ತುಂಬುತ್ತಿದ್ದರು. ನಾನು ಬೆಳಗಿನ ಸಾಹಸವನ್ನೆಲ್ಲ ಹೇಳಿದೆ. ಕಾಗೆಯನ್ನು ಎರಡು ಮಾಡಿದೆ. ಅವರು ಪೊರಕೆ ಗಾಡಿಗೆ ಒರಗಿಸಿ, ಮುಚ್ಚಳ ಸರಿಸಿ ನೋಡಿದರು.

"ಎಲ್ಲಿತ್ತು ಇದು?"

"ಮೂರನೇ ಬೆಂಚಿನ ಹತ್ರ ಅಮ್ಮ. ಗೂಡಿಂದ ಬಿದ್ದುಬಿಟ್ಟಿತ್ತು."

"ಬಿದ್ದಿದ್ದಲ್ಲ ಮೇಷ್ಟ್ರೇ, ಇಳಿದಿದ್ದು," ಎಂದರು ಅವರು. "ಪುಕ್ಕ ಬಂದಮೇಲೆ ಇವು ಗೂಡಲ್ಲಿ ನಿಲ್ಲಲ್ಲ. ಸರಿಯಾಗಿ ಹಾರೋಕೆ ಬರೋ ತನಕ ನಾಲ್ಕು ದಿನ ನೆಲ, ಪೊದೆ ಅಂತ ಕುಪ್ಪಳಿಸಿಕೊಂಡು ಇರ್ತವೆ. ಅಪ್ಪ ಅಮ್ಮ ಮೇಲಿಂದ ನೋಡ್ತಾ ಇರ್ತವೆ, ಆಗಾಗ ಬಂದು ತಿನ್ನಿಸಿ ಹೋಗ್ತವೆ."

ಹಾಗಾದರೆ ಕೊಂಬೆಯ ಮೇಲೆ ಕೂತು ಕಿರುಚುತ್ತಿದ್ದ ಆ ಎರಡು ಹಕ್ಕಿಗಳು ಎಂದು ಕೇಳಿದೆ, ಉತ್ತರ ಆಗಲೇ ಅರ್ಧ ಗೊತ್ತಾಗಿದ್ದರೂ.

"ನಿಮ್ಮನ್ನ ಬೈತಾ ಇದ್ವು."

ಬೆಳಿಗ್ಗೆಯಿಂದ ಅವೆರಡೂ ಮೂರನೇ ಬೆಂಚಿಗೂ ಗೇಟಿಗೂ ಹಾರಾಡುತ್ತಲೇ ಇದ್ದವಂತೆ. ಬೆಕ್ಕು ಹಿಡಿದಿರಬೇಕು ಎಂದು ತೋಟದಮ್ಮ ಅಂದುಕೊಂಡಿದ್ದರಂತೆ. ಬೆಕ್ಕಿಗಾದರೆ ಹಸಿವೆಯ ನೆಪವಾದರೂ ಇರುತ್ತಿತ್ತು. ಹಾಡಹಗಲೇ, ಹೆತ್ತವರ ಕಣ್ಣೆದುರೇ ಕೂಸನ್ನು ಎತ್ತಿಕೊಂಡು, ಅವರಿಗೆ ಧೈರ್ಯ ಹೇಳಿ, ಫೋಟೋಗೆ ನಿಂತು, ಅವರು ಅಳುತ್ತ ಹಿಂದೆ ಬಂದರೆ ಕೃತಜ್ಞತೆ ಎಂದು ಹಿಗ್ಗಿದ ಕಳ್ಳ ಇಡೀ ಊರಿನಲ್ಲಿ ನಾನೊಬ್ಬನೇ ಇರಬೇಕು. ಇಂಗು ತಿಂದ ಮಂಗನ ಹಾಗೆ ನಿಂತೆ. ಮಗಳು ಬೇರೆ ಕಡೆ ತಿರುಗಿಕೊಂಡಿದ್ದಳು. ಅವಳ ಹೆಗಲು ಅಲುಗುತ್ತಿತ್ತು.

ಮನುಷ್ಯರ ವಾಸನೆ ತಾಗಿದರೆ ತಾಯಿ ಮತ್ತೆ ಸೇರಿಸುವುದಿಲ್ಲವಂತಲ್ಲ ಎಂದು ಕೇಳಿದೆ. ಅದೆಲ್ಲ ಕಟ್ಟುಕಥೆ, ಹೆತ್ತ ಕರುಳು ಮೂಗು ನಂಬಿ ಕೂರುವುದಿಲ್ಲ ಎಂದರು ತೋಟದಮ್ಮ. ಅವರೇ ಮರಿಯನ್ನು ತೆಗೆದು ಮೂರನೇ ಬೆಂಚಿನ ಹಿಂದಿನ ಗಿಡದ ಬೇಲಿಯಲ್ಲಿ, ಕಾಗೆಯ ಕಣ್ಣಿಗೆ ಬೀಳದ ಹಾಗೆ, ಒಂದು ತಗ್ಗು ಕೊಂಬೆಯ ಮೇಲೆ ಕೂರಿಸಿದರು. ಮರಿ ಆ ಕೊಂಬೆಯನ್ನು ಹಿಡಿದ ರೀತಿ ನೋಡಿದರೆ ನನ್ನ ಬನಿಯನ್ನಿನ ಮೇಲೆ ಅದು ಒಂದು ಕ್ಷಣವೂ ಸುಖವಾಗಿರಲಿಲ್ಲ ಎಂದು ಗೊತ್ತಾಗುತ್ತಿತ್ತು. ನೀವು ದೂರ ಹೋಗಿ, ಅಲ್ಲಿ ಬೆಂಚಿನ ಮೇಲೆ ಎಲ್ಲರ ಹಾಗೆ ಕೂತುಕೊಳ್ಳಿ ಎಂದು ನನಗೆ ಹೇಳಿ ತಮ್ಮ ಕೆಲಸಕ್ಕೆ ಹೋದರು.

ಎಲ್ಲರ ಹಾಗೆ ಕೂರುವ ಬುದ್ಧಿ ಇದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ನಾನು ಮೂವತ್ತು ಹೆಜ್ಜೆ ದೂರದ ಮರದ ಬುಡದಲ್ಲಿ, ಹಕ್ಕಿಗಳಿಗೆ ಕಾಣಬಾರದೆಂದು, ಎಸಳುಗಳ ಮೇಲೆ ಬೋರಲಾಗಿ ಮಲಗಿ ದುರ್ಬೀನು ಹಿಡಿದೆ. ಹಾದುಹೋಗುವವರು ನಿಂತು ನೋಡಿ ಹೋದರು. ಒಬ್ಬರು ಡಾಕ್ಟರನ್ನು ಕರೆಯಬೇಕೇ ಎಂದು ಕೇಳಿದರು. ಮಗಳು ಬಂದು ಬೆನ್ನ ಹಿಂದೆ ನಿಂತು ಏನೋ ಹೇಳಿದಳು, ಗಂಟೆ, ಪಾಳಿ, ಕೀ ಎಂಬಂಥ ಮಾತುಗಳು. ನಾನು ಸದ್ದು ಮಾಡಬೇಡ ಎನ್ನುವಂತೆ ಕೈ ಬೀಸಿದೆ.

ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ದೊಡ್ಡ ಹಕ್ಕಿಗಳ ಸುಳಿವಿಲ್ಲ. ಮರಿ ಒಮ್ಮೆ ಸಣ್ಣ ದನಿಯಲ್ಲಿ ಕೂಗಿ ಸುಮ್ಮನಾಯಿತು. ಆಗ ನಿಜಕ್ಕೂ ಎದೆ ಭಾರವಾಯಿತು. ಬೆಳಿಗ್ಗೆಯಿಂದ ಹುಡುಕಿ ಹುಡುಕಿ ಅವು ಆಸೆ ಬಿಟ್ಟಿದ್ದರೆ? ಇಪ್ಪತ್ತಾರು ವರ್ಷ ಬೇರೆಯವರ ತಪ್ಪುಗಳನ್ನೆಲ್ಲ ಬ್ರೇಕ್ ತುಳಿದು ತಡೆದಿದ್ದೇನೆ ಎಂಬ ಜಂಬ ನನಗಿತ್ತು. ಇದೊಂದಕ್ಕೆ ಯಾವ ಬ್ರೇಕೂ ಇರಲಿಲ್ಲ. ಬೆಳಿಗ್ಗೆ ಆ ಹಾದಿಯಲ್ಲಿ ಸುಮ್ಮನೆ ಗಡಿಯಾರ ನೋಡುತ್ತ ನಡೆದುಹೋಗಿದ್ದರೆ ಎಲ್ಲರೂ ಚೆನ್ನಾಗಿರುತ್ತಿದ್ದರು.

ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಒಂದು ಪಿಕಳಾರ ಬೇಲಿಯ ತುದಿಗೆ ಬಂದು ಕೂತಿತು. ಕೊಕ್ಕಿನಲ್ಲಿ ಹಸಿರು ಹುಳ. ಆ ಕಡೆ ನೋಡಿತು, ಈ ಕಡೆ ನೋಡಿತು, ನನ್ನ ಕಡೆ ತುಸು ಹೆಚ್ಚೇ ನೋಡಿತು. ಆಮೇಲೆ ಎಲೆಗಳೊಳಗೆ ಇಳಿಯಿತು. ಒಳಗಿಂದ ಮರಿಯ ಗಡಿಬಿಡಿಯ ಕೂಗು ಕೇಳಿಸಿತು. ದೊಡ್ಡದು ಹೊರಬಂದಾಗ ಕೊಕ್ಕು ಖಾಲಿ ಇತ್ತು. ನನ್ನ ದುರ್ಬೀನಿನ ಗಾಜು ಮಂಜಾಯಿತು. ಹೂವಿನ ಧೂಳು ಕಣ್ಣಿಗೆ ಬಿದ್ದಿರಬೇಕು ಎಂದು ಅಲ್ಲಿ ಯಾರೂ ಕೇಳದಿದ್ದರೂ ಹೇಳಿಕೊಂಡೆ. ಅಷ್ಟರಲ್ಲಿ ಇನ್ನೊಂದು ಪಿಕಳಾರ ಹಿಂದಿನಿಂದ ಬಂದು, ಟೋಪಿಯಿಲ್ಲದ ನನ್ನ ಬೋಳು ನೆತ್ತಿಗೆ ಸರಿಯಾಗಿ ಕುಕ್ಕಿ ಹೋಯಿತು. ಅದರ ಲೆಕ್ಕದಲ್ಲಿ ಅದು ಕಡಿಮೆಯೇ.

ಮೈಗಂಟಿದ ಎಸಳು ಕೊಡವಿಕೊಳ್ಳುತ್ತ, ಲೋಕವನ್ನೇ ಗೆದ್ದವನ ಹಾಗೆ ಗೇಟಿಗೆ ಬಂದೆ. ಕಾರು ಇರಲಿಲ್ಲ. ಸುತ್ತ ನೋಡಿದೆ, ಬೀದಿಯ ಎರಡೂ ತುದಿಗೆ ಹೋಗಿ ಬಂದೆ. ಕಾವಲುಗಾರನ ಹತ್ತಿರ ಓಡಿ, ಕಾರು ಕಳುವಾಗಿದೆ, ಬಣ್ಣ ಇಂಥದ್ದು, ಸಂಖ್ಯೆ ಇಂಥದ್ದು, ಬರೆದುಕೊಳ್ಳಿ ಎಂದೆ. ಅವನು ನನ್ನ ತಲೆಯ ಮೇಲಿನ ಎಸಳುಗಳನ್ನು ನೋಡುತ್ತ ತಾಳ್ಮೆಯಿಂದ ಕೇಳಿಸಿಕೊಂಡ.

"ನಿಮ್ಮ ಮಗಳು ತಗೊಂಡು ಹೋದರಲ್ಲ ಸರ್, ಹನ್ನೆರಡು ಗಂಟೆ ಮೇಲೆ. ಅಪ್ಪನಿಗೆ ಹೇಳಿದೀನಿ, ಎದ್ದು ಬಂದಮೇಲೆ ನೆನಪು ಮಾಡಿ ಅಂದರು."

ಒಬ್ಬಳೇ. ಏಳು ಕಿಲೋಮೀಟರು, ಮೂರು ಸಿಗ್ನಲ್ಲು, ಒಂದು ಮೇಲ್ಸೇತುವೆ. ಫೋನು ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಲು ಹೋದವನು, ಓಡಿಸುತ್ತಿದ್ದರೆ ಫೋನು ಬಡಿದುಕೊಳ್ಳುವುದು ಅಪಾಯ ಎಂದು ನಿಲ್ಲಿಸಿದೆ. ಕಾವಲುಗಾರ ಕುರ್ಚಿ ಕೊಟ್ಟ. ಅದರಲ್ಲಿ ಕೂತು ಬಲಗಾಲಿನಿಂದ ನೆಲ ಒತ್ತುತ್ತಿದ್ದೆ. ನಾಲ್ಕು ನಿಮಿಷದ ನಂತರ ಸಂದೇಶ ಬಂತು. ತಲುಪಿ ಅರ್ಧ ಗಂಟೆಯಾಯಿತು, ಒಂದೇ ಸಲಕ್ಕೆ ಸರಿಯಾಗಿ ನಿಲ್ಲಿಸಿದೆ, ಊಟ ಮಾಡು ಎಂದು ಬರೆದಿದ್ದಳು. ನನಗೆ ಗೊತ್ತೇ ಇರದ ಆ ಅರ್ಧ ಗಂಟೆಯ ಉದ್ದಕ್ಕೂ ಜಗತ್ತು ನನ್ನ ಹೆದರಿಕೆಯ ಸಹಾಯವಿಲ್ಲದೆ ನೆಟ್ಟಗೆ ನಡೆದಿತ್ತು. ಸಮಾಧಾನವೂ ಆಯಿತು, ಸ್ವಲ್ಪ ಬೇಸರವೂ ಆಯಿತು.

ಸಂಜೆ ಅವಳು ಬಂದಾಗ ಕಾರನ್ನು ಒಂದು ಸುತ್ತು ಬಂದು ನೋಡಿದೆ. ಗೀರು ಇರಲಿಲ್ಲ. ನನಗೆ ಕೇಳಿಸಿರಲೇ ಇಲ್ಲ, ಇನ್ನೊಂದು ಸಲ ಕೇಳಬಹುದಿತ್ತಲ್ಲ ಎಂದೆ.

"ಕೇಳಿಸಿಲ್ಲ ಅಂತ ಗೊತ್ತಿತ್ತಪ್ಪ. ಅದಕ್ಕೇ ಎರಡನೇ ಸಲ ಕೇಳಲಿಲ್ಲ," ಎಂದಳು. ಅವರಮ್ಮ ಒಳಗೆ ನಕ್ಕದ್ದು ಕೇಳಿಸಿತು. ಮರುದಿನ ಮಗಳು ಕಾರಿನಲ್ಲಿ ಹೊರಟಾಗ ನಾನು ಬಾಗಿಲಲ್ಲಿ ನಿಂತು ಸುಮ್ಮನೆ ಕೈ ಬೀಸಿದೆ. ನಿಧಾನ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ಕಾರು ತಿರುವು ದಾಟಿದ ಮೇಲೆ ಹೇಳಿಕೊಂಡೆ. ವಕೀಲೆಯೂ ಆವತ್ತು ಮೊದಲ ಸಲಕ್ಕೇ ಪಾಸಾದರು. ಕೊನೆಯ ಪಾಠ ತಪ್ಪಿದ್ದೇ ಒಳ್ಳೆಯದಾಯಿತು, ಕೈ ನಡುಗಲಿಲ್ಲ ಎಂದು ಸಿಹಿ ತಂದುಕೊಟ್ಟರು. ಮನೆಯಲ್ಲಿ ಎಲ್ಲರೂ ಕ್ಷೇಮವೇ ಎಂದೂ ಕೇಳಿದರು.

ಇದಾಗಿ ಹತ್ತು ದಿನಕ್ಕೆ ಮರಗಳಲ್ಲಿ ಹೂ ಮುಗಿದು ಎಳೆ ಎಲೆ ತುಂಬಿತ್ತು. ಹಕ್ಕಿಮರಿಗಳನ್ನು ನೆಲದಿಂದ ಎತ್ತಬಾರದು ಎಂದು ಈಗ ನಾನು ಕಂಡಕಂಡವರಿಗೆ ಹೇಳುತ್ತಿದ್ದೆ. ಆ ಬೆಳಿಗ್ಗೆ ದೂರದ ಹುಲ್ಲಿನಲ್ಲಿ ಒಬ್ಬ ಹಿರಿಯರು ಬಗ್ಗಿ, ಬಿಳಿ ಪುಕ್ಕದ ಏನನ್ನೋ ಎತ್ತಿಕೊಳ್ಳುವುದು ಕಂಡಿತು. ಸೊಂಟವನ್ನೂ ಮರೆತು ಓಡಿದೆ. ಮುಟ್ಟಬೇಡಿ, ಅದು ಬಿದ್ದಿಲ್ಲ, ಅದರ ತಾಯಿ ಇಲ್ಲೇ ಎಲ್ಲೋ ಇರುತ್ತದೆ ಎಂದು ಏದುಸಿರಿನಲ್ಲಿ ಹೇಳಿದೆ. ಅವರು ಕೈಯಲ್ಲಿದ್ದ ಶಟಲ್ ಕಾಕನ್ನು ಒಮ್ಮೆ ನೋಡಿದರು, ನನ್ನನ್ನು ಒಮ್ಮೆ ನೋಡಿದರು.

"ಇದರ ತಾಯಿ ಆ ಡಬ್ಬಿಯಲ್ಲಿದೆ," ಎಂದರು ಗಂಭೀರವಾಗಿ. "ಜೊತೆಗೆ ಇನ್ನೂ ನಾಲ್ಕು ಜನ ಚಿಕ್ಕಮ್ಮಂದಿರು."

ಅವರ ಜೊತೆ ಆಡುತ್ತಿದ್ದವರು ಹುಲ್ಲಿನ ಮೇಲೆ ಕೂತು ನಕ್ಕರು. ಅಷ್ಟಾದ ಮೇಲೆ ಪೂರ್ತಿ ಕಥೆ ಹೇಳದೆ ಬೇರೆ ದಾರಿಯಿರಲಿಲ್ಲ. ಈ ಸಲ ಕಾಗೆ ಒಂದೇ ಇತ್ತು ಎಂದೇ ಹೇಳಿದೆ. ಕೇಳಿ ಮುಗಿಸಿ ಅವರು ನನ್ನ ಕೈಗೆ ಒಂದು ರಾಕೆಟ್ ಕೊಟ್ಟರು. ಈಗ ನನ್ನ ನಲವತ್ತು ನಿಮಿಷದಲ್ಲಿ ಇಪ್ಪತ್ತು ನಡಿಗೆ, ಇಪ್ಪತ್ತು ಆಟ. ನನ್ನ ಎದುರು ಆಡುವ ಆ ಇಬ್ಬರಿಗೂ ಎಪ್ಪತ್ತು ದಾಟಿದೆ. ಇದುವರೆಗೆ ಒಂದು ಆಟವನ್ನೂ ನಾನು ಗೆದ್ದಿಲ್ಲ.